ಹರಿಗೋಲಿನ ಕಥೆ ಬಾಯಾರದು

ಮೊನ್ನೆ ಮೊಮ್ಮಗಳ ಶಾಲೆಯ ಗ್ಯಾದರಿಂಗಿಗೆ ಹೋಗಿದ್ದೆ. ವೇದಿಕೆಯ ಹಿಂದಿನ ಕೋಣೆಯಲ್ಲಿ ಬಣ್ಣ ಹಚ್ಚುವವನೊಬ್ಬ ಸಫೇತಾ ಎಂಬ ಬಿಳಿ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹುಡುಗಿಯರ ಕೆನ್ನೆಗೆ ಬಳಿಯುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಮಗುವಿನ ಕುಣಿತ ನೋಡುವ ಮನಸ್ಸೇ ಉಳಿಯಲಿಲ್ಲ. ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಇಷ್ಟು ವರ್ಷಗಳಾದವು, ತಲೆಯ ಕೂದಲೆಲ್ಲ ಹಣ್ಣಾಯಿತು, ಆದರೆ ಆ ಸಿಟ್ಟು ಮಾತ್ರ ಹಸಿಯಾಗಿಯೇ ಉಳಿದಿದೆ...

ಆಗ ನನಗೆ ಇಪ್ಪತ್ತರ ಆಸುಪಾಸು. ನಾಟಕ ಕಂಪನಿಯಲ್ಲಿ ಸ್ತ್ರೀ ಪಾತ್ರ ಮಾಡುತ್ತಿದ್ದೆ. ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಹೀಗೆ ಕಂಪನಿ ತಂಬು ಹೊತ್ತು ತಿರುಗುತ್ತಿತ್ತು. ನಿಜಾಮರ ಕಾಲ. ಶಾಲೆಯಲ್ಲಿ ಉರ್ದು, ಕಚೇರಿಯಲ್ಲಿ ಉರ್ದು. ಕನ್ನಡಕ್ಕೆ ಉಳಿದದ್ದು ಮನೆ ಮತ್ತು ನಾಟಕದ ತಂಬು.

ನನ್ನ ಗುರು ಬಾಯಾರು ಕಂಪನಿಗೆ ಬಂದದ್ದು ಗಂಗಾವತಿ ಕ್ಯಾಂಪಿನಲ್ಲಿ. ಆನೆಗೊಂದಿಯವರು. ವಯಸ್ಸು ಮೂವತ್ತೈದು ದಾಟಿತ್ತು. ಕಪ್ಪು ಮೈಬಣ್ಣ, ಸಣ್ಣ ಕಣ್ಣು. ನಡೆದು ಬಂದರೆ ಮಾತ್ರ ಕುಳಿತವರು ತಾವಾಗಿಯೇ ಎದ್ದು ನಿಲ್ಲಬೇಕು, ಹಾಗಿತ್ತು. ನಾಟಕದ ಹೆಂಗಸರನ್ನೆಲ್ಲ ಕಂಪನಿಯಲ್ಲಿ ಬರೀ ‘ಬಾಯಿ’ ಎನ್ನುತ್ತಿದ್ದರು. ಗುರುವಾದವರನ್ನು ಹಾಗೆ ಕರೆಯಲು ನಾಲಗೆ ಏಳದೆ ನಾನು ‘ಬಾಯಾರ’ ಎನ್ನತೊಡಗಿದೆ. ಕಂಪನಿಗೆ ಬರುವ ಮೊದಲು ಅವರು ಕೊಲ್ಹಾಪುರದ ಒಂದು ಸಿನೆಮಾ ಸ್ಟುಡಿಯೋದಲ್ಲಿದ್ದರು. ಗುಂಪಿನಲ್ಲಿ ನಿಲ್ಲುವ ಕೆಲಸದಿಂದ ಸುರುವಾಗಿ ಫಿಲ್ಮು ಕತ್ತರಿಸಿ ಜೋಡಿಸುವ ಕೋಣೆಯವರೆಗೆ ಹೋಗಿದ್ದರು. ಯಾರೂ ಕೂಡಿಸಿಕೊಂಡು ಕಲಿಸಿದ್ದಲ್ಲ. ನಿಂತು ನೋಡಿದ್ದು, ಕೇಳಿ ಬೈಸಿಕೊಂಡದ್ದು, ಮರುದಿನ ಮತ್ತೆ ಕೇಳಿದ್ದು. ತಾಯಿಗೆ ಕಾಯಿಲೆಯೆಂದು ಊರಿಗೆ ಬಂದವರು, ತಾಯಿ ಹೋದ ಮೇಲೆ ಹೊಟ್ಟೆಪಾಡಿಗೆ ನಮ್ಮ ಕಂಪನಿ ಸೇರಿದರು.

ನನಗೆ ಸಿನೆಮಾದ ಹುಚ್ಚಿತ್ತು. ಅದನ್ನು ತಿಳಿದು ಅವರೇ ಒಂದು ಮಧ್ಯಾಹ್ನ ಕರೆದರು. ವೇಷದ ಪೆಟ್ಟಿಗೆಯಿಂದ ಗಾಜು ಒಡೆದುಹೋಗಿದ್ದ ಕನ್ನಡಿಯ ಚೌಕಟ್ಟೊಂದನ್ನು ತೆಗೆದು ನನ್ನ ಮುಖದ ಮುಂದೆ ಹಿಡಿದರು.

“ಇದರಾಗ ಎಷ್ಟು ಕಾಣತೈತಿ ಅಷ್ಟ ನಿಂದು. ಕೈ ಕಾಲು ಎಲ್ಲಾ ಮನಿಗೆ ಹೋಗ್ಯಾವು ಅಂತ ತಿಳಕೋ. ಈಗ ಅಳು ನೋಡೋಣ.”

ನಾನು ರಂಗದ ಮೇಲಿನಂತೆ ಎದೆ ಬಡಿದುಕೊಂಡು ಅತ್ತೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಹಂಗಲ್ಲೋ ತಮ್ಮಾ. ಅಳಬ್ಯಾಡ. ಅಳೂದನ್ನ ತಡಿ. ನೀ ತಡಿಯೂದು ಕಂಡ್ರ ನೋಡೋರು ತಾವ ಅಳ್ತಾರ.”

ಈ ಒಂದು ಮಾತನ್ನು ಕಲಿಯಲು ನನಗೆ ಒಂದು ಮಳೆಗಾಲ ಹಿಡಿಯಿತು. ಕಥೆ ಕಟ್ಟುವುದನ್ನೂ ಅವರೇ ಹೇಳಿಕೊಟ್ಟರು. ನಾಟಕದಲ್ಲಿ ಮಾತು ಮೊದಲು, ಸಿನೆಮಾದಲ್ಲಿ ನೋಟ ಮೊದಲು. ಪಾತ್ರ ಬಾಯಿ ಬಿಡುವುದಕ್ಕಿಂತ ಮುಂಚೆಯೇ ನೋಡುವವರಿಗೆ ಅರ್ಧ ತಿಳಿದಿರಬೇಕು ಎನ್ನುತ್ತಿದ್ದರು. ಸಂತೆಗೆ ಕರೆದೊಯ್ದು ಯಾರದೋ ಜಗಳ ತೋರಿಸಿ, “ಇದನ್ನ ಯಾವ ಮಗ್ಗಲದಿಂದ ನೋಡಿದ್ರ ತಪ್ಪು ಯಾರದು ಅಂತ ಗೊತ್ತಾಗತೈತಿ, ಅಲ್ಲಿ ನಿಂದ್ರು” ಎನ್ನುತ್ತಿದ್ದರು. ನಾನು ನಾಲ್ಕೂ ಕಡೆ ಓಡಾಡುತ್ತಿದ್ದೆ. ದಿಗ್ದರ್ಶನವೆಂದರೆ ಅದೇ ಎಂದು ಆಮೇಲೆ ತಿಳಿಯಿತು.

ನಮ್ಮ ಕಂಪನಿಯ ಮಾಲಕರಿಗೆ ಅದೇ ಹೊತ್ತಿಗೆ ಕನ್ನಡದಲ್ಲೊಂದು ಬೋಲಪಟ, ಅಂದರೆ ಮಾತಾಡುವ ಸಿನೆಮಾ, ತೆಗೆಯುವ ಆಸೆ ಹುಟ್ಟಿತು. ಬಂಡವಾಳ ಹಾಕುವವರು ಸಿಕ್ಕರು. ಕಥೆ ಇರಲಿಲ್ಲ. ಕಥೆ ಕೊಟ್ಟವರು ಬಾಯಾರು.

ಅವರು ಅದನ್ನು ಹೇಳಿದ್ದು ಆನೆಗೊಂದಿಯ ಹೊಳೆದಂಡೆಯಲ್ಲಿ, ಬಂಡೆಗಳ ನೆರಳಿನಲ್ಲಿ. ಕಾಗದವಿಲ್ಲ, ಮಸಿಯಿಲ್ಲ, ಎಲ್ಲ ಬಾಯಲ್ಲೇ. ಹರಿಗೋಲಿನಲ್ಲಿ ಜನರನ್ನು ಹೊಳೆ ದಾಟಿಸುವವನೊಬ್ಬ ಜ್ವರದಿಂದ ಹಾಸಿಗೆ ಹಿಡಿಯುತ್ತಾನೆ. ಹೆಂಡತಿ ಹುಟ್ಟು ಕೈಗೆ ತೆಗೆದುಕೊಳ್ಳುತ್ತಾಳೆ. ಹೆಂಗಸು ನಡೆಸುವ ಹರಿಗೋಲು ಹತ್ತುವುದಿಲ್ಲವೆಂದು ಊರ ಹಿರಿಯರು ಹಟ ಹಿಡಿಯುತ್ತಾರೆ. ಹೊಳೆ ಉಕ್ಕಿ ಬಂದ ದಿನ ಅದೇ ಹಿರಿಯರು ದಂಡೆಯಲ್ಲಿ ಕೈಮುಗಿದು ನಿಲ್ಲುತ್ತಾರೆ. ಬಾಯಾರು ಒಬ್ಬರೇ ಎಲ್ಲ ಪಾತ್ರವನ್ನೂ ಆಡಿ ತೋರಿಸಿದರು. ಎಲ್ಲಿ ಬರೀ ಕಣ್ಣು ಕಾಣಬೇಕು, ಎಲ್ಲಿ ಇಡೀ ಹೊಳೆ ಕಾಣಬೇಕು, ಅದನ್ನೂ ಹೇಳಿದರು. ಕೇಳುತ್ತ ಕುಳಿತ ಮಾಲಕರು ಕಣ್ಣೊರೆಸಿಕೊಂಡರು.

“ಪರದಿ ಮ್ಯಾಲ ನಿಮ್ಮ ಹೆಸರ ಮೊದಲ ಬರತೈತ್ರಿ ಬಾಯಿ. ಇದು ನನ್ನ ಮಾತು” ಎಂದರು. ಈ ಕಿವಿಯಿಂದಲೇ ನಾನು ಕೇಳಿದ್ದೇನೆ.

ಕೊಲ್ಹಾಪುರಕ್ಕೆ ಹೋದೆವು. ಹೆಂಡತಿಯ ಪಾತ್ರಕ್ಕೆ ಮಾಲಕರು ಬೆಳ್ಳಗಿನ ಹಾಡುಗಾರ್ತಿಯೊಬ್ಬಳನ್ನು ಕರೆಸಿದ್ದರು. ಬಾಯಾರ ಬಣ್ಣಕ್ಕೆ ದೀಪದ ಬೆಳಕು ನಿಲ್ಲುವುದಿಲ್ಲವಂತೆ! ಬಾಯಾರು ತುಟಿ ಕಚ್ಚಿಕೊಂಡು, ಆ ಹುಡುಗಿಯನ್ನೇ ತಯಾರು ಮಾಡಲು ಕುಳಿತರು. ಜ್ವರದ ಗಂಡನ ಪಾತ್ರ ನನ್ನದು. ಯುದ್ಧದ ದಿನಗಳು, ಕಚ್ಚಾ ಫಿಲ್ಮು ಅಳೆದು ಕೊಡುತ್ತಿದ್ದರು. ಒಂದು ಗಜವೂ ಹಾಳಾಗಬಾರದೆಂದು ಬಾಯಾರು ನಮ್ಮನ್ನು ಬೆಳಗಿನಿಂದ ತಾಲೀಮು ಮಾಡಿಸಿ, ಮಾಡಿಸಿ, ಆಮೇಲೆಯೇ ಕ್ಯಾಮರಾ ತಿರುಗಿಸಲು ಬಿಡುತ್ತಿದ್ದರು. ಮಾಲಕರು ಕೋಟು ತೊಟ್ಟು ಕುರ್ಚಿಯಲ್ಲಿ ಕೂಡುತ್ತಿದ್ದರು. ದೃಶ್ಯ ಮುಗಿದಾಗ “ಛಲೋ ಆತು!” ಎಂದು ಕೂಗುತ್ತಿದ್ದವರು ಅವರು. ಆದರೆ ಕ್ಯಾಮರಾದವನು ಹೊರಳಿ ನೋಡುತ್ತಿದ್ದದ್ದು ಕುರ್ಚಿಯ ಹಿಂದೆ ನಿಂತ ಬಾಯಾರನ್ನು. ಅವರು ತಲೆ ಆಡಿಸಿದರೆ ಮುಂದಿನ ಕೆಲಸ.

ಒಂದು ವಿಷಯಕ್ಕೆ ಮಾತ್ರ ಮಾಲಕರು ಬಗ್ಗಲಿಲ್ಲ. ಕೊನೆಯನ್ನು ತಿರುಚಿದರು. ಹೆಂಡತಿ ಹಿರಿಯರ ಕಾಲಿಗೆ ಬಿದ್ದು, ತಪ್ಪಾಯಿತೆಂದು ಹುಟ್ಟನ್ನು ಗಂಡನಿಗೆ ಒಪ್ಪಿಸಬೇಕು! ಆ ದೃಶ್ಯ ತೆಗೆಯುವ ದಿನ ಬಾಯಾರು ಸ್ಟುಡಿಯೋದೊಳಗೆ ಕಾಲಿಡಲಿಲ್ಲ.

ಚಿತ್ರ ಕೊಪ್ಪಳಕ್ಕೆ ಬಂತು. ಸಂಜೆಯ ಮೊದಲ ಆಟಕ್ಕೆ ತಂಬು ತುಂಬಿ ಹೋಗಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಹಗ್ಗ. ಬಾಯಾರು ಹೆಂಗಸರ ನಡುವೆ, ನಾನು ಹಗ್ಗದ ಈಚೆ. ಪರದೆಯ ಮೇಲೆ ಅಕ್ಷರ ಮೂಡಿದವು. ಕಥೆ, ಮಾಲಕರು. ಸಂಭಾಷಣೆ, ಮಾಲಕರು. ದಿಗ್ದರ್ಶನ, ಮಾಲಕರು. ಬಣ್ಣ ಹಚ್ಚಿದವನ ಹೆಸರು ಬಂತು, ಗಾಡಿ ಒದಗಿಸಿದವನ ಹೆಸರೂ ಬಂತು. ಬಾಯಾರದು ಬರಲೇ ಇಲ್ಲ.

ನಾನು ಎದ್ದು ಹಿಂದೆ ನಿಂತಿದ್ದ ಮಾಲಕರ ಬಳಿಗೆ ಹೋದೆ. “ಬಾಯಾರ ಹೆಸರು ಎಲ್ಲೈತ್ರಿ?” ಎಂದೆ.

“ಮೆಲ್ಲಕ ಮಾತಾಡೋ. ಹೆಂಗಸಿನ ಹೆಸರು ಹಾಕಿದ್ರ ಯಾರ್ ಬರ್ತಾರ? ಅದೂ ನಾಟಕದ ಬಾಯಿದು. ಹೋಗಿ ಕುಂದ್ರು” ಎಂದರು. ನಗುತ್ತಲೇ ಅಂದರು. ಆ ನಗೆ ನೆನಪಾದರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ.

ಚಿತ್ರ ಮುಕ್ಕಾಲು ಭಾಗ ಮುಗಿದಿತ್ತು. ಇದ್ದಕ್ಕಿದ್ದಂತೆ ಧ್ವನಿಯ ಯಂತ್ರ ಗರಗರ ಎಂದು ಸದ್ದು ಮಾಡಿ ನಿಂತುಹೋಯಿತು. ಪರದೆಯ ಮೇಲೆ ಬಾಯಿಗಳು ಆಡುತ್ತಿವೆ, ಮಾತಿಲ್ಲ. ಜನ ಕೂಗಾಡತೊಡಗಿದರು. ಆಗ ಹೆಂಗಸರ ಕಡೆಯಿಂದ ಒಂದು ಧ್ವನಿ ಎದ್ದಿತು. ಬಾಯಾರು! ಗಂಡನ ಮಾತು, ಹೆಂಡತಿಯ ಮಾತು, ಮುದುಕರ ಮಾತು, ಎಲ್ಲವನ್ನೂ ತುಟಿಗೆ ಸರಿಯಾಗಿ ಅವರೇ ಆಡತೊಡಗಿದರು. ತಂಬು ಗಪ್ಪಾಯಿತು. ಸ್ಟುಡಿಯೋದವರು ಪುಸ್ತಕದ ಭಾಷೆಗೆ ತಿದ್ದಿದ್ದ ಮಾತುಗಳನ್ನೆಲ್ಲ ಬಿಟ್ಟು, ಹೊಳೆದಂಡೆಯಲ್ಲಿ ಮೊದಲು ಹೇಳಿದ್ದ ನಮ್ಮ ಮಾತಿನಲ್ಲೇ ಆಡಿದರು.

ಕೊನೆಯ ದೃಶ್ಯ ಬಂತು. ಪರದೆಯ ಮೇಲೆ ಆ ಹುಡುಗಿ ಹಿರಿಯರ ಕಾಲಿಗೆ ಬಿದ್ದು ಗೋಗರೆಯುತ್ತಿದ್ದಾಳೆ. ಬಾಯಾರ ಧ್ವನಿ ಮಾತ್ರ ಬಗ್ಗಲಿಲ್ಲ.

“ನನ್ನ ಕೈಯಾಗ ಹುಟ್ಟು ಐತಿ, ನಿಮ್ಮ ಕೈಯಾಗ ಮೀಸಿ ಐತಿ. ಹೊಳಿ ದಾಟಸೂದು ಯಾವದು, ನೀವ ಹೇಳ್ರಿ!”

ಹೆಂಗಸರೆಲ್ಲ ಒಮ್ಮೆಲೇ ನಕ್ಕರು. ಆಮೇಲೆ ಚಪ್ಪಾಳೆ. ಮುದುಕಿಯೊಬ್ಬಳು “ಹೇಳ ನನ್ನವ್ವ!” ಎಂದು ಕೂಗಿದಳು. ಗಂಡಸರ ಕಡೆಯೂ ಸಿಳ್ಳೆ ಬಿತ್ತು. ಆ ಚಿತ್ರ ಯಾರದೆಂದು ಅಂದು ತಂಬಿನಲ್ಲಿದ್ದವರಿಗೆಲ್ಲ ತಿಳಿಯಿತು.

ತಿಳಿದರೇನು? ಮರುದಿನ ಬೆಳಿಗ್ಗೆ ಮಾಲಕರು ಕೊಪ್ಪಳದ ಹಿರಿಯರನ್ನು ಕೂಡಿಸಿದರು. ತಮ್ಮ ಆಟ ಕೆಡಿಸಿದಳು, ಹಿರಿಯರ ಮೀಸೆಗೆ ಅಪಮಾನ ಮಾಡಿದಳು ಎಂದು ದೂರು. ಬಾಯಾರನ್ನು ಬಿಸಿಲಲ್ಲಿ ನಿಲ್ಲಿಸಿ ತಪ್ಪೊಪ್ಪಿಕೊ ಎಂದರು. ನಾನು ಮುಂದೆ ಹೋಗಿ, “ಕಥಿ ಅವರದ, ಮಾತು ಅವರದ, ಕಳುವಾಗಿದ್ದು ಅವರ ಮನ್ಯಾಗ್ರಿ” ಎಂದೆ. ಹೆಂಗಸಿನ ವೇಷ ಹಾಕಿ ಹಾಕಿ ಹೆಂಗಸೇ ಆಗಿದ್ದಾನೆ ಎಂದು ನಕ್ಕು ನನ್ನನ್ನು ಹಿಂದಕ್ಕೆ ದಬ್ಬಿದರು.

ಬಾಯಾರು ಸೆರಗು ಸರಿ ಮಾಡಿಕೊಂಡರು. “ನಾ ಆಡಿದ್ದರಾಗ ಒಂದ ಮಾತು ಆ ಪಾತ್ರಕ್ಕ ಹೊಂದಲಿಲ್ಲ ಅಂತ ತೋರಸ್ರಿ. ಕಾಲ ಹಿಡೀತೀನಿ” ಎಂದರು. ಯಾರೂ ತೋರಿಸಲಿಲ್ಲ. ಬಾಯಾರೂ ಕಾಲು ಹಿಡಿಯಲಿಲ್ಲ. ಅವರನ್ನು ಕಂಪನಿಯಿಂದ ಹೊರಗೆ ಹಾಕಿದರು. ಅಂದೇ ನಾನೂ ಬಿಟ್ಟೆ.

ಆಮೇಲೆ ಅವರು ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಿ ನೇಕಾರರ ಮನೆಯೊಂದರ ಪಡಸಾಲೆಯಲ್ಲಿ ಇದ್ದರು. ಹೊಸ ಕಥೆಯೊಂದನ್ನು ಕಟ್ಟಿಕೊಂಡು ಮತ್ತೆ ಕೊಲ್ಹಾಪುರಕ್ಕೆ ಹೋದರು. ಕಥೆ ಕೇಳುವುದಿರಲಿ, ವೇಷದ ಕೋಣೆಯಲ್ಲಿ ಸೀರೆ ಮಡಚುವ ಕೆಲಸವಿದೆ ಎಂದರಂತೆ. ಹಿಂದಿರುಗಿ ಬಂದವರು ಆನೆಗೊಂದಿಯ ತಂಗಿಯ ಮನೆ ಸೇರಿದರು. ರಜಾಕಾರರ ಗಲಾಟೆಯ ಕಾಲ, ದಾರಿಗಳು ಬಂದ್ ಆಗಿದ್ದವು. ಜ್ವರದಿಂದ ಹೋದರೆಂಬ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣಾಗಿ ಎಷ್ಟೋ ದಿನವಾಗಿತ್ತು...

ಹೋದ ವರ್ಷ ನಮ್ಮ ಸೀಮೆಯ ಕಲಾವಿದರ ಬಗ್ಗೆ ಪುಸ್ತಕ ಮಾಡುವ ಹುಡುಗನೊಬ್ಬ ಮನೆಗೆ ಬಂದಿದ್ದ. ಇಷ್ಟನ್ನೂ ಹೇಳಿದೆ. ಕೇಳಿ, ಬಾಯಾರ ಹೆಸರೇನು ಎಂದ. ಕಂಪನಿಯ ಜಾಹೀರಾತಿನಲ್ಲಿ ಮಾಲಕರು ಇಟ್ಟ ರಂಗದ ಮೇಲಿನ ಹೆಸರೊಂದಿತ್ತು, ಅದನ್ನು ಬಾಯಾರು ಎಂದೂ ತಮ್ಮದೆಂದು ಒಪ್ಪಿರಲಿಲ್ಲ. ನಿಜವಾದ ಹೆಸರನ್ನು ಕೊಲ್ಹಾಪುರದಲ್ಲಿ ನಾನೊಮ್ಮೆ ಕೇಳಿದ್ದೆ. “ಪರದಿ ಮ್ಯಾಲ ಬರತೈತಲ್ಲ, ಅಲ್ಲೇ ಓದೀಯಂತ” ಎಂದು ನಕ್ಕಿದ್ದರು. ಆನೆಗೊಂದಿಗೆ ಹೋಗಿ ಅವರ ತಂಗಿಯ ಮಗನನ್ನು ವಿಚಾರಿಸಿದೆ. “ನಾಟಕಕ್ಕ ಹೋದಾಕಿ ಹೆಸರು ನಮ್ಮ ಮನ್ಯಾಗ ಯಾರೂ ತಗೊಳ್ಳೂದಿಲ್ರಿ” ಎಂದು ಬಾಗಿಲು ಮುಂದೆ ಮಾಡಿದ.

“ಹೆಸರಿಲ್ಲದ ಹೆಂಗ ಬರೀಲಿ ಅಜ್ಜಾ?” ಎಂದ ಪುಸ್ತಕದ ಹುಡುಗ, ಮತ್ತೊಮ್ಮೆ ಬಂದಾಗ.

“ಹಂಗಾರ ಮಾಲಕರ ಹೆಸರು ಹೊಡದು ಹಾಕು. ಆ ಜಾಗಾ ಖಾಲಿ ಬಿಡು” ಎಂದೆ.

ಅವನು ಖಾಲಿ ಬಿಡಲಿಲ್ಲ. ಪುಸ್ತಕ ಅಚ್ಚಾಗಿ ಬಂದಿದೆ. ಚಿತ್ರದ ಒಂದು ತುಂಡೂ ಈಗ ಎಲ್ಲಿಯೂ ಉಳಿದಿಲ್ಲ, ಆದರೆ ಮಾಲಕರ ಭಾವಚಿತ್ರ ದೊಡ್ಡದಾಗಿ ಉಳಿದಿದೆ. ಪಕ್ಕದ ಪುಟದಲ್ಲಿ ನಾನಿದ್ದೇನೆ. ಮಾಲಕರ ಗರಡಿಯಲ್ಲಿ ಪಳಗಿದ ನಟ ಎಂದು ಕೆಳಗೆ ಬರೆದಿದ್ದಾರೆ.

ಸುಳ್ಳು. ನಾನು ಬಾಯಾರ ಶಿಷ್ಯ. ಹಾಗೆಂದು ಎದೆ ತಟ್ಟಿ ಹೇಳುವಾಗಲೂ ಗುರುವಿನ ಹೆಸರು ಹೇಳಲು ನನ್ನಿಂದಾಗುವುದಿಲ್ಲ.