ಗೇಟು ಮುಚ್ಚಿದಾಗಿನ ಇಂಗ್ಲಿಷ್

ಇಂಡಿ ರೋಡ್ ನಿಲ್ದಾಣದಿಂದ ಸೊಲ್ಲಾಪುರದ ದಿಕ್ಕಿಗೆ ಎರಡು ಕಿಲೋಮೀಟರ್ ಹೋದರೆ ಒಂದು ರೈಲ್ವೆ ಗೇಟು. ಪಕ್ಕದಲ್ಲಿ ಒಂದೇ ಖೋಲಿ. ಒಂಬತ್ತು ವರ್ಷದಿಂದ ಸುರೇಖಾ ಅಲ್ಲಿ ಗೇಟ್ ಕಾಯುತ್ತಿದ್ದಾಳೆ. ಗಂಡ ಇದೇ ಹಳಿಯ ಮೇಲೆ ಗ್ಯಾಂಗ್‌ಮನ್ ಆಗಿದ್ದ. ಕಾಮಾಲೆಯಾಗಿ ತೀರಿಕೊಂಡ. ಅನುಕಂಪದ ಮೇಲೆ ಅವಳಿಗೆ ಈ ನೌಕರಿ ಬಂತು.

ಹನ್ನೆರಡು ತಾಸಿನ ಪಾಳಿ. ಅಷ್ಟೂ ಹೊತ್ತು ಗೋಡೆಗಿರುವ ಫೋನಿನ ದನಿ ಕೇಳುವಷ್ಟು ದೂರದಲ್ಲೇ ಇರಬೇಕು. ಫೋನು ಬಂದರೆ ಸ್ಟೇಷನ್ ಮಾಸ್ತರು ಹೇಳಿದ ನಂಬರು ಬರೆದುಕೊಂಡು, ಹಿಡಿಕೆ ತಿರುವಿ ಗೇಟು ಇಳಿಸಿ, ಬಾವುಟ ಹಿಡಿದು ನಿಲ್ಲಬೇಕು. ಖೋಲಿಯ ಹಿಂದಿನ ಪಾಯಖಾನೆಗೆ ಹೋಗಲೂ ಎರಡು ರೈಲುಗಳ ನಡುವಿನ ಹೊತ್ತು ನೋಡಬೇಕು. ಹಾಗಾಗಿ ಸುರೇಖಾ ಬೇಸಗೆಯಲ್ಲೂ ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದಳು. ಸಿಂದಗಿಯಲ್ಲಿ ನಡೆದ ತಂಗಿಯ ಮದುವೆಗೆ ಅಕ್ಷತೆಯ ಹೊತ್ತಿಗೆ ಹೋಗಿ ಮುಟ್ಟಿ, ಊಟಕ್ಕೆ ಕೂರದೆ ವಾಪಸು ಬಂದಿದ್ದಳು.

ಇಲ್ಲಿಂದ ಹೊರಬೀಳಲು ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ, ಗುಮಾಸ್ತರ ಹುದ್ದೆಯ ಇಲಾಖಾ ಪರೀಕ್ಷೆ. ಒಮ್ಮೆ ಬರೆದು ಎರಡು ಅಂಕದಿಂದ ಬಿದ್ದಿದ್ದಳು. ಅವಳನ್ನು ಕೆಡವಿದ್ದು ಇಂಗ್ಲಿಷ್ ಪದಗಳು. ಆ ಸಲ ಕಾಲದ ಬಗ್ಗೆ, ಆಕಾಶದ ಬಗ್ಗೆ ಹತ್ತು ಪದ ಕೊಟ್ಟು ಅರ್ಥ ಕೇಳಿದ್ದರು. ‘ಇಮ್ಮಿನೆಂಟ್’ ಅನ್ನು ‘ಎಮಿನೆಂಟ್’ ಎಂದುಕೊಂಡು ‘ಹೆಸರುವಾಸಿ’ ಎಂದು ಗುರುತು ಹಾಕಿದ್ದಳು. ‘ಇನ್ನೇನು ಬಂದೇಬಿಡುವುದು’ ಎಂದು ಆಮೇಲೆ ತಿಳಿಯಿತು. ದಿನಕ್ಕೆ ಹತ್ತು ಸಲ ಇನ್ನೇನು ಬರುವ ರೈಲಿಗೆ ಕಾಯುವ ತನಗೇ ಆ ಪದ ಗೊತ್ತಿರಲಿಲ್ಲವಲ್ಲ ಎಂದು ಒಂದು ವಾರ ತನ್ನನ್ನೇ ಬೈದುಕೊಂಡಳು. ಆಮೇಲೆ ಇಂಡಿ ಬಸ್ ನಿಲ್ದಾಣದ ಎದುರಿನ ಅಂಗಡಿಯಿಂದ ಒಂದು ಶಬ್ದಪುಸ್ತಕ ತಂದು, ನೇರವಾಗಿ ಕಾಲ ಮತ್ತು ಅಂತರಿಕ್ಷದ ಪಾಠ ತೆಗೆದಳು. ಇನ್ನೂರ ಹನ್ನೆರಡು ಪದಗಳಿದ್ದವು.

ಅರ್ಥ ಪುಸ್ತಕದಲ್ಲಿತ್ತು, ಉಚ್ಚಾರಕ್ಕೆ ಯಾರೂ ಇರಲಿಲ್ಲ. ಆಗ ಸಿಕ್ಕವರು ಬಸವಂತರಾಯ ಮಾಸ್ತರು. ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ತಮ್ಮ ನಿಂಬೆ ತೋಟಕ್ಕೆ ಹೋಗುವಾಗ ಮಾಲಗಾಡಿ ರೈಲಿಗೆ ಹಾಕಿದ ಗೇಟಿಗೆ ಸಿಕ್ಕಿಬೀಳುತ್ತಿದ್ದರು. ಒಂದು ದಿನ ಅವಳ ಕೈಯಲ್ಲಿದ್ದ ಪುಸ್ತಕ ನೋಡಿ ಅವರೇ ಮಾತು ತೆಗೆದರು.

“ಏನ ಓದಾಕತ್ತಿ ತಂಗಿ?”

ಅವಳು ನಾಚಿಕೆಯಿಂದಲೇ ಪುಟ ತೋರಿಸಿ, “ಇದಕ್ಕ ಎಪೆಮೆರಾಲ್ ಅಂತಾರೇನ್ರಿ ಮಾಸ್ತರ್ರ?” ಎಂದಳು.

“ಎಫೆಮರಲ್. ಮುಂಜಾನಿ ಹುಟ್ಟಿ ಸಂಜಿಗೆ ಹೋಗೋದು. ನಾಳೆ ಐದು ಶಬ್ದ ಬರಕೊಂಡು ನಿಂದ್ರು.”

ಅಂದಿನಿಂದ ಗೇಟು ಮುಚ್ಚಿದ ಆರೇಳು ನಿಮಿಷವೇ ಸುರೇಖಾಳ ತರಗತಿ. ಇಂಟರ್‌ಸ್ಟೆಲ್ಲರ್, ನಕ್ಷತ್ರಗಳ ನಡುವಿನದು. ಸೈಮಲ್ಟೇನಿಯಸ್, ಒಂದೇ ಹೊತ್ತಿಗೆ ಆಗುವುದು. ಪಕ್ಕದಲ್ಲಿ ನಿಂತ ಕಬ್ಬಿನ ಟ್ರ್ಯಾಕ್ಟರಿನವರೂ ಕಿವಿಗೊಡುತ್ತಿದ್ದರು. ಒಮ್ಮೆ ಮಾಸ್ತರು ‘ಪರ್ಪೆಚುವಲ್’ ಎಂದರೆ ಏನೆಂದು ಕೇಳಿದರು.

“ಎಂದೂ ಮುಗಿಯಲಾರದ್ದು. ನಮ್ಮ ಡ್ಯೂಟಿರಿ,” ಎಂದಳು.

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಎಂಟು ತಿಂಗಳಲ್ಲಿ ಇಡೀ ಪಾಠ ಬಾಯಿಗೆ ಬಂತು. ಪರೀಕ್ಷೆಯ ದಿನವೂ ಗೊತ್ತಾಯಿತು. ಭಾನುವಾರ, ಸೊಲ್ಲಾಪುರದಲ್ಲಿ, ಹತ್ತೂವರೆಗೆ. ಆ ವಾರ ಅವಳದು ರಾತ್ರಿ ಪಾಳಿ, ಬೆಳಿಗ್ಗೆ ಏಳಕ್ಕೆ ಮುಗಿಯುತ್ತಿತ್ತು. ಆಗ ಮುಂದಿನ ಪಾಳಿಗೆ ಜೋಡಿ ಗೇಟ್‌ಮನ್ ನಬಿಲಾಲ ಬರಬೇಕು. ಏಳೂಮುಕ್ಕಾಲಿಗೆ ಇಂಡಿ ರೋಡಿನಿಂದ ಪ್ಯಾಸೆಂಜರ್ ಇತ್ತು. ನಬಿಲಾಲ ಹಿಂದಿನ ದಿನವೇ, “ಅರ್ಧಾ ತಾಸು ಮೊದಲ ಬರ್ತೇನಿ ಅಕ್ಕಾ, ಚಿಂತಿ ಬ್ಯಾಡ” ಎಂದಿದ್ದ.

ಆರೂವರೆ ಆಯಿತು, ಏಳೂ ಆಯಿತು. ಏಳು ಹತ್ತಕ್ಕೆ ಅವಳ ಮೊಬೈಲಿಗೆ ನಬಿಲಾಲನ ಹೆಂಡತಿ ಅಖ್ತರಬೇಗಂ ಫೋನ್ ಮಾಡಿ ಅಳುತ್ತಿದ್ದಳು. “ಅಕ್ಕಾ, ಇವರ ಗಾಡಿಗೆ ಹಂದಿ ಅಡ್ಡ ಬಂತು. ಕಾಲು ಮುರದೈತಿ. ದವಾಖಾನ್ಯಾಗ ಅದೇವಿ.”

ಸುರೇಖಾ ಅವಳಿಗೆ ಧೈರ್ಯ ಹೇಳಿದಳು. ಆಮೇಲೆ ಗೋಡೆಯ ಫೋನೆತ್ತಿ ಸ್ಟೇಷನ್ ಮಾಸ್ತರಿಗೆ ಸುದ್ದಿ ಮುಟ್ಟಿಸಿದಳು. ಬೇರೆಯವನನ್ನು ಕಳಿಸುತ್ತೇನೆ, ಆದರೆ ಅವನು ಬರಲು ಹತ್ತು ಗಂಟೆಯಾದರೂ ಆದೀತು ಎಂದರು. “ಪರೀಕ್ಷಾ ಐತ್ರಿ ಸಾಹೇಬ್ರ,” ಎಂದಳು. “ಗೊತ್ತೈತಿ. ಏನ ಮಾಡೂದು ಹೇಳ್ರಿ,” ಎಂದರು ಅವರು.

ಅದೇ ಹೊತ್ತಿಗೆ ಅವಳಿಗೆ ಶುಭ ಹಾರೈಸಲೆಂದೇ ಬಸವಂತರಾಯರು ಬಂದರು. ವಿಷಯ ಕೇಳಿ ಸ್ಕೂಟರಿನ ಹಿಂದಿನ ಸೀಟು ತಟ್ಟಿದರು.

“ಗೇಟ್ ಹಾಕಿ ಕೀಲಿ ಜಡಿ. ಸ್ಟೇಷನ್ನಿಗೆ ನಾ ಬಿಡ್ತೇನಿ. ಗೇಟ್ ಮುಚ್ಚಿದ್ದರ ರೈಲಿಗೇನ ಆಗ್ತೈತಿ? ಮಂದಿ ಎರಡು ತಾಸು ಕಾಯ್ತಾರ.”

ಸುರೇಖಾ ಚೀಲ ಹೆಗಲಿಗೆ ಹಾಕಿಕೊಂಡಳು. ಕೀಲಿಯನ್ನೂ ಕೈಗೆ ತೆಗೆದುಕೊಂಡಳು. ಗೇಟಿನ ಹತ್ತಿರ ಹೋಗಿ ನಿಂತಾಗ ಆಚೆಯಿಂದ ಒಂದು ಟಂಟಂ ಆಟೊ ಬಂತು. ಒಳಗೆ ಒಬ್ಬಳು ತುಂಬು ಬಸುರಿ, ಅವಳ ತಾಯಿ. ಇಂಡಿಯ ಆಸ್ಪತ್ರೆಗೆ ಹೊರಟಿದ್ದರು. ಗೇಟು ತೆರೆದೇ ಇತ್ತು, ದಾಟಿ ಹೋದರು. ಅವರು ಹೋದ ದಾರಿಯನ್ನೇ ಸುರೇಖಾ ನೋಡಿದಳು. ಚೀಲ ತಂದು ಒಳಗಿಟ್ಟಳು.

“ಆಗಂಗಿಲ್ರಿ ಮಾಸ್ತರ್ರ. ನೀವು ತ್ವಾಟಕ್ಕ ಹೋಗ್ರಿ.”

ಗೋಡೆಯ ಫೋನು ಬಂತು. ನಂಬರು ಬರೆದುಕೊಂಡು ಗೇಟು ಇಳಿಸಿದಳು. ಅವಳು ಹತ್ತಬೇಕಾಗಿದ್ದ ಪ್ಯಾಸೆಂಜರ್ ಬಂತು. ಅದಕ್ಕೆ ಹಸಿರು ಬಾವುಟ ತೋರಿಸಿದವಳೂ ಅವಳೇ. ಕೊನೆಯ ಡಬ್ಬಿ ಹೋದ ಮೇಲೂ ಬಾವುಟ ಹಿಡಿದ ತೋಳು ಇಳಿಸಲಿಲ್ಲ. ಮಾಸ್ತರು, “ತಂಗಿ, ಗೇಟ್ ತಗೀವಾ” ಎಂದಾಗ ಎಚ್ಚರವಾಯಿತು. ಬದಲಿ ಆಳು ಬಂದಾಗ ಹತ್ತೂಕಾಲು.

ಇನ್ನೊಂದು ಅವಕಾಶ ಕೊಡಿ ಎಂದು ಅರ್ಜಿ ಬರೆದಳು. ನಿಯಮದಲ್ಲಿ ಅವಕಾಶವಿಲ್ಲ ಎಂಬ ಒಂದು ಸಾಲಿನ ಉತ್ತರ ಬಂತು. ನಬಿಲಾಲ ಕಾಲಿಗೆ ಸರಳು ಹಾಕಿಸಿಕೊಂಡು ಮೂರು ತಿಂಗಳು ಮಲಗಿದ. ಮನೆಗೆ ನೋಡಲು ಹೋದರೆ ಅವಳ ಮುಖ ನೋಡಲಾರದೆ ಗೋಡೆಯ ಕಡೆ ಹೊರಳಿದ. “ನೀ ಬೇಕಂತ ಬಿದ್ದೇನೋ ತಮ್ಮಾ?” ಎಂದು ಬೈದು, ಅಖ್ತರಬೇಗಂ ಕೊಟ್ಟ ಚಹಾ ಕುಡಿದು ಬಂದಳು. ದಾರಿಯಲ್ಲಿ ಮಾತ್ರ ಅಳು ಬಂತು.

ಮಾಸ್ತರು ಒಂದು ವಾರ ಗೇಟಿನಲ್ಲಿ ಒಂದು ಪದವನ್ನೂ ಕೇಳದೆ ನಿಂತು ಹೋದರು. ಎಂಟನೆಯ ದಿನ ಸುರೇಖಾಳಿಗೇ ಸಿಟ್ಟು ಬಂತು.

“ಯಾಕ್ರಿ, ಕೇಳೂದ ಬಿಟ್ರಿ? ನಾ ಏನ ಸತ್ತೇನೇನು?”

ಅವರು ಸ್ಕೂಟರಿನಿಂದ ಇಳಿದು, “ಸೆಲೆಸ್ಟಿಯಲ್” ಎಂದರು.

“ಆಕಾಶಕ್ಕ ಸಂಬಂಧಪಟ್ಟಿದ್ದು.”

ಮುಂದಿನ ಪರೀಕ್ಷೆ ಯಾವಾಗ ಎಂದು ಈಗಲೂ ಗೊತ್ತಿಲ್ಲ. ಇತ್ತೀಚೆಗೆ ಮಾಸ್ತರು ಒಂದು ಇಂಗ್ಲಿಷ್ ಪೇಪರು ತಂದುಕೊಟ್ಟರು. ಎಂಟು ದಿನಕ್ಕೆಂದು ಅಂತರಿಕ್ಷಕ್ಕೆ ಹೋಗಿ ತಿಂಗಳುಗಟ್ಟಲೆ ಉಳಿದ ಇಬ್ಬರ ಸುದ್ದಿ ಅದರಲ್ಲಿತ್ತು. ಸುರೇಖಾ ಬೆರಳಿಟ್ಟು ಓದಿದಳು. ಆರ್ಬಿಟ್ ಗೊತ್ತಿತ್ತು, ವ್ಯಾಕ್ಯೂಮ್ ಗೊತ್ತಿತ್ತು. ಪಾಠದಲ್ಲಿಲ್ಲದ ಒಂದೇ ಒಂದು ಪದಕ್ಕೆ ನಿಂತಳು.

“ಸ್ಟ್ರಾಂಡೆಡ್ ಅಂದ್ರೇನ್ರಿ?”

“ಬರಾಕ ದಾರಿ ಇಲ್ಲದ ಸಿಕ್ಕೊಂಡವರು.”

ಸುರೇಖಾ ಅದನ್ನು ವಹಿಯಲ್ಲಿ ಇನ್ನೂರ ಹದಿಮೂರನೆಯದಾಗಿ ಬರೆದುಕೊಂಡಳು. ಕಾಗುಣಿತ ಸರಿಯಿದೆಯೇ ಎಂದು ಮಾಸ್ತರಿಗೆ ತೋರಿಸಿದಳು. ಮಾಲಗಾಡಿ ಇನ್ನೂ ದಾಟುತ್ತಿತ್ತು, ಅವಳು ಮುಂದಿನ ಸಾಲು ಓದತೊಡಗಿದಳು.