ಬಾಲದ ಕೆಳಗಿನ ಕಡ್ಡಿ

ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಮೊಳದುದ್ದದ ಒಂದು ವಿಮಾನವಿದೆ. ಮೂತಿ ಮೇಲೆತ್ತಿ, ಬಾಲ ಊರಿ ಕುಳಿತಿದೆ. ನೋಡಿದವರೆಲ್ಲ ಅದನ್ನು ಸರಿಯಾಗಿ ನಿಲ್ಲಿಸಲು ಕೈ ಹಾಕುತ್ತಾರೆ. ಅದು ನಿಲ್ಲುವುದಿಲ್ಲ. ನನ್ನ ಯಜಮಾನರು ಮಾಡಿದ ಕೊನೆಯ ಕೆಲಸ ಅದು.

ಅವರು ಇಪ್ಪತ್ತಾರು ವರ್ಷ ಸರಕು ವಿಮಾನಗಳಿಗೆ ಹೊರೆ ತುಂಬಿದವರು. ಪೆಟ್ಟಿಗೆಯನ್ನು ಒಮ್ಮೆ ಎತ್ತಿ ಇಳಿಸಿದರೆ ತೂಕ ಹೇಳಿಬಿಡುತ್ತಿದ್ದರು. ಕಾಟಾ ಬೇರೆ ಹೇಳಿದರೆ ಜೊತೆಯವರು ಕಾಟಾವನ್ನೇ ರಿಪೇರಿಗೆ ಕಳಿಸುತ್ತಿದ್ದರಂತೆ. ಅಲ್ಲಿ ಅವರಿಗೆ ತಕ್ಕಡಿ ಎಂದೇ ಹೆಸರು. ನಾನು ಮದುವೆಯಾಗಿ ಬಂದಾಗ, "ತಕ್ಕಡಿಗೆ ಇನ್ನೊಂದು ತಟ್ಟೆ ಸಿಕ್ತಪ್ಪ" ಎಂದು ಜೊತೆಯವರು ನಗಾಡಿದ್ದರು.

ಅವರ ತಂಗಿಯ ಗಂಡನೂ ಅದೇ ಸರಕಿನ ಷೆಡ್ಡಿನಲ್ಲಿ ಕೆಲಸಕ್ಕಿದ್ದ. ಅವರು ತುಂಬುತ್ತಿದ್ದ ಚಿಕ್ಕ ವಿಮಾನಕ್ಕೆ ಮೂತಿಯ ಕೆಳಗೆ ಒಂದು ಚಕ್ರ, ರೆಕ್ಕೆಗಳ ಕೆಳಗೆ ಎರಡು. ಬಾಗಿಲು ಹಿಂಭಾಗದಲ್ಲಿ. ಮುಂದೆ ತುಂಬುವ ಮೊದಲೇ ಹಿಂದೆ ಭಾರ ಕೂಡಿದರೆ ಬಾಲ ನೆಲಕ್ಕೆ ಕೂರುತ್ತದೆ. ಅದಕ್ಕೇ ಬಾಲದ ಕೆಳಗೆ ಕೆಂಪು ಪಟ್ಟಿ ಕಟ್ಟಿದ ಒಂದು ಕಬ್ಬಿಣದ ಕೋಲನ್ನು ಊರೆಯಾಗಿ ನಿಲ್ಲಿಸುತ್ತಿದ್ದರು. ಒಂದು ಮಧ್ಯಾಹ್ನ ಆ ಕೋಲು ಇರಲಿಲ್ಲ. ಬಾಲ ಕೂತಿತು. ಅದರ ಕೆಳಗೆ ಗಾಡಿ ಎಳೆಯುತ್ತಿದ್ದ ನಾದಿನಿಯ ಗಂಡ ಏಳಲಿಲ್ಲ. ವಿಚಾರಣೆಗೆ ಬಂದವರಿಗೆ ನಮ್ಮವರು ಹೇಳಿದ್ದು ಇಷ್ಟು: "ಕೋಲು ಇಡೋದು ಇವತ್ತು ಅವನ ಸರದಿ. ಮರೆತಿದ್ದಾನೆ."

ನಾದಿನಿ ಅದನ್ನು ನಂಬಿದಳು. ಅಂದಿನಿಂದ ಅವಳು ಮರೆವಿನ ಮೇಲೆ ಹಗೆ ಕಟ್ಟಿಕೊಂಡಳು. ನೆನಪಿಡಬೇಕಾದ್ದಕ್ಕೆಲ್ಲ ಕರವಸ್ತ್ರದ ತುದಿಗೆ ಗಂಟು. ಹಾಕಿದ ಬೀಗವನ್ನು ಮೂರು ಸಲ ಎಳೆದು ನೋಡುವುದು. ಮಗಳು ಶಾಲೆಯಲ್ಲಿ ಛತ್ರಿ ಬಿಟ್ಟು ಬಂದರೆ, "ಅಪ್ಪನ ರಕ್ತ, ಎಲ್ಲಿ ಹೋಗುತ್ತೆ" ಎಂದು ಬೈಯುವುದು. ಗಂಡನ ಫೋಟೋವನ್ನು ಗೋಡೆಗೆ ಹಾಕಲಿಲ್ಲ, ಹಳೆ ಬಟ್ಟೆಗಳ ಅಡಿಯಲ್ಲಿಟ್ಟಳು. ಅಣ್ಣನೆಂದರೆ ಮಾತ್ರ ಪ್ರಾಣ. ಬಟ್ಟೆ ಹೊಲಿಯುವವಳು ಅವಳು. ಭಾನುವಾರ ಬಂದರೆ ಅಣ್ಣನ ಅಂಗಿಯ ಗುಂಡಿ ಗಟ್ಟಿ ಮಾಡದೆ ಹೋಗುತ್ತಿರಲಿಲ್ಲ.

ಹೀಗೆ ಮೂವತ್ತೊಂದು ವರ್ಷ ಕಳೆಯಿತು. ಯಜಮಾನರ ಶ್ವಾಸಕೋಶ ಕೆಟ್ಟಿತು. ಡಾಕ್ಟರು ನನ್ನನ್ನು ಹೊರಗೆ ಕರೆದು ಮೂರು ತಿಂಗಳು ಎಂದರು. ನಾನು ಬಾಯಿ ಬಿಡದಿದ್ದರೂ ಅವರಿಗೆ ಗೊತ್ತಾಯಿತು. ಮುಂದಿನ ವಾರ ಅವರು ತರಿಸಿದ ಒಂದು ಪೆಟ್ಟಿಗೆ ಅಂಚೆಯಲ್ಲಿ ಬಂತು. ಒಳಗೆ ರಾಳದಲ್ಲಿ ಎರಕ ಹೊಯ್ದ, ಜೋಡಿಸಿ ಮಾಡುವ ಮಾದರಿ ವಿಮಾನದ ತುಂಡುಗಳು, ಹಳೆಯ ಹಲ್ಲಿನ ಬಣ್ಣದವು.

"ಇದು ಅದೇ ವಿಮಾನ ಕಣೇ," ಎಂದರು. "ಬಾವ ಮರೀಲಿಲ್ಲ. ಕೋಲು ಇಟ್ಟಿದ್ದ. ತೆಗೆದದ್ದು ನಾನು."

ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಅವತ್ತು ಷೆಡ್ಡಿನ ಷಟರು ಮೇಲೆ ನಿಲ್ಲುತ್ತಿರಲಿಲ್ಲವಂತೆ. ಸೆಖೆ ತಡೆಯದೆ ಇವರು ಕೋಲು ತಂದು ಷಟರಿಗೆ ಊರೆ ಕೊಟ್ಟರಂತೆ, ಎರಡು ನಿಮಿಷಕ್ಕೆಂದು. ಅಷ್ಟರಲ್ಲಿ ಹೊರೆ ಬಂತು, ಕೋಲು ಅಲ್ಲೇ ಉಳಿಯಿತು.

"ಈಗ ಹೇಳಿ ಯಾರಿಗೇನು ಬರುತ್ತೆ? ಇರೋ ಒಬ್ಬ ತಂಗಿನೂ ಕಳ್ಕೋತೀರಿ."

"ಗೊತ್ತು. ಆದ್ರೆ ಅವನು ಮರೆಗುಳಿ ಅಂತ ಇನ್ನೂ ಬೈಸ್ಕೊಳ್ತಿದ್ದಾನಲ್ಲ, ಸತ್ತವನು. ಬರೀ ಬಾಯಲ್ಲಿ ಹೇಳಿದ್ರೆ, ಕಾಯಿಲೆ ಮಾತಾಡ್ಸುತ್ತೆ ಅಂತಾಳೆ. ಮೊದಲು ಇದು ಮೂರು ಚಕ್ರದ ಮೇಲೆ ನಿಲ್ಬೇಕು. ಹಿಂದೆ ಭಾರ ಇಟ್ಟು ಬಾಲ ಹ್ಯಾಗೆ ಕೂರುತ್ತೆ ಅಂತ ಅವಳ ಕಣ್ಣಿಗೇ ತೋರಿಸ್ತೀನಿ."

ಕೆಲಸ ಶುರುವಾಯಿತು. ಅಚ್ಚಿನಿಂದ ಬಂದ ತುಂಡುಗಳಿಗೆ ಎಣ್ಣೆಯ ಜಿಡ್ಡಿರುತ್ತದೆ. ತೊಳೆಯದಿದ್ದರೆ ಬಣ್ಣ ಸಿಪ್ಪೆ ಏಳುತ್ತದೆ. ಬೆಚ್ಚನೆ ಸೋಪಿನ ನೀರಲ್ಲಿ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಒಂದು ರೆಕ್ಕೆ ಸೊಟ್ಟಗಿತ್ತು. ಬಿಸಿನೀರಲ್ಲಿ ಅದ್ದಿ, ಮಣೆಯ ಮೇಲೆ ಒತ್ತಿಹಿಡಿದು, ತಣ್ಣೀರು ಹೊಯ್ದಾಗ ನೆಟ್ಟಗಾಯಿತು.

ಬಾಲದ ತುಂಡು ಗಟ್ಟಿ ರಾಳ, ಒಳಗೆ ಪೊಳ್ಳೇ ಇಲ್ಲ. ಮೂತಿ ಪೊಳ್ಳು. ಹಾಗಾಗಿ ಮೂತಿಗೆ ಭಾರ ಕೊಡಬೇಕು, ಅದೂ ಮೈಯ ಎರಡು ಹೋಳು ಅಂಟಿಸುವ ಮುಂಚೆ. ರಬ್ಬರ್ ಬ್ಯಾಂಡ್ ಹಾಕಿ ಹೋಳುಗಳನ್ನು ಜೋಡಿಸಿ, ರೆಕ್ಕೆಯ ಚಕ್ರ ಬರುವ ಜಾಗವನ್ನು ಪೆನ್ಸಿಲ್ಲಿನ ಮೇಲಿಟ್ಟು, ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಒಂದೊಂದೇ ಮೂತಿಗೆ ಹಾಕುತ್ತ ಹೋದರು. ಏಳನೆಯದಕ್ಕೆ ಮೂತಿ ಬಾಗಿತು. ಎಂಟು ಹಾಕಿ ಅಂಟು ಸುರಿದರು.

"ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಇದಕ್ಕೆ ಹಾಗೇ ಇರಲಿ. ಇನ್ನೆರಡು ಹಾಕಿ," ಎಂದೆ.

"ತಕ್ಕಡಿಗೆ ತೂಕ ಹೇಳಿಕೊಡ್ತೀಯಾ?" ಎಂದು ಮೂತಿ ಮುಚ್ಚಿದರು.

ಇನ್ನು ಮೈ. ಎರಕದೊಳಗೆ ಗಾಳಿ ಸಿಕ್ಕಿದಲ್ಲೆಲ್ಲ ಸೂಜಿಮೊನೆಯಷ್ಟು ತೂತು. ಬಾಲವಂತೂ ಸಿಡುಬಿನ ಮುಖ. ಅವರ ಕಣ್ಣಿಗೆ ಕಾಣುತ್ತಿರಲಿಲ್ಲ. ನಾನು ಬೆರಳು ಸವರಿ "ಇಲ್ಲೊಂದು, ಇಲ್ಲೊಂದು" ಎನ್ನುವುದು, ಅವರು ಕಡ್ಡಿಯ ತುದಿಯಿಂದ ಪುಟ್ಟಿ ತುಂಬುವುದು. ಒಣಗಿದ ಮೇಲೆ ಉಜ್ಜಬೇಕು. ಆ ಧೂಳು ಒಳಗೆ ಹೋದರೆ ಇದ್ದ ಉಸಿರೂ ಹೋಗುತ್ತದೆ. ಅವರನ್ನು ಕಿಟಕಿಯ ಬಳಿ ಕೂರಿಸಿ, ತುಂಡುಗಳನ್ನು ಬೋಗುಣಿಯ ನೀರಲ್ಲಿ ಮುಳುಗಿಸಿಯೇ ನಾನು ಉಜ್ಜಿದೆ. ಆದರೂ ಕೆಮ್ಮಿದರು.

ಬೂದಿ ಬಣ್ಣದ ಮೊದಲ ಪದರ ಹೊಡೆದಾಗ ನನ್ನ ಬೆರಳಿಗೆ ಸಿಗದ ತೂತುಗಳೆಲ್ಲ ಎದ್ದು ಕಂಡವು. "ಈ ಬಣ್ಣ ಚಾಡಿಕೋರ ಕಣೇ, ಒಂದನ್ನೂ ಮುಚ್ಚಿಡಲ್ಲ," ಎಂದರು. ಮತ್ತೆ ಪುಟ್ಟಿ, ಮತ್ತೆ ಉಜ್ಜುವುದು. ಬಾಲಕ್ಕೆ ಮೂರು ಸುತ್ತು ಆಯಿತು. ಆ ಹೊತ್ತಿಗೆ ಅವರು ಮಂಚದಿಂದ ಮೇಜಿಗೆ ಬರುವಷ್ಟರಲ್ಲಿ ಎರಡು ಕಡೆ ಕೂತು ಬರುತ್ತಿದ್ದರು.

ಕೊನೆಗೆ ಬಿಳಿ ಬಣ್ಣ ಒಣಗಿತು, ಚಕ್ರ ಕೂಡಿಸಿದೆವು. ಒಂದು ಶನಿವಾರ ಬೆಳಿಗ್ಗೆ ಮೇಜಿನ ಮೇಲೆ ಇಟ್ಟು ಕೈ ಬಿಟ್ಟರು. ಮೂತಿ ಮೆಲ್ಲಗೆ ಎದ್ದಿತು. ಟಕ್ ಎಂದು ಬಾಲ ಕೂತಿತು.

ಅವರು ಮತ್ತೆ ಇಟ್ಟರು. ಮತ್ತೆ ಟಕ್.

ಪುಟ್ಟಿಯ ತೂಕ. ಒಂದೊಂದು ತೂತಿಗೆ ಸಾಸಿವೆಯಷ್ಟು, ಅದರ ಮೇಲೆ ಪದರ, ಬಣ್ಣ. ಅದೆಲ್ಲ ಬಾಲದಲ್ಲೇ ಸೇರಿತ್ತು. ಜೀವಮಾನವೆಲ್ಲ ತೂಕ ನೋಡಿದವರು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮೂತಿಯ ಕೆಳಗೆ ತೂತು ಕೊರೆದು ನಾಲ್ಕು ಗುಂಡು ತುರುಕಿದರೆ ಸರಿಹೋಗುತ್ತಿತ್ತು. ಕೈಡ್ರಿಲ್ ತಂದು ಮುಂದಿಟ್ಟೆ. ಅವರು ಅದನ್ನು ಒಮ್ಮೆ ತಿರುಗಿಸಿ ನೋಡಿ ಕೆಳಗಿಟ್ಟರು.

"ಕೊರೆದ್ರೆ ಮತ್ತೆ ಮುಚ್ಬೇಕು, ಉಜ್ಬೇಕು, ಬಣ್ಣ ಹಚ್ಬೇಕು. ಇನ್ನೂ ಹತ್ತು ದಿನ. ನನ್ನ ಹತ್ರ ಇದೆಯಾ ಅಷ್ಟು?"

ನಾನು ಕೈಡ್ರಿಲ್ಲನ್ನು ಎತ್ತಿ ಒಳಗಿಟ್ಟೆ.

"ಪೊರಕೆಯಿಂದ ಒಂದು ಕಡ್ಡಿ ಮುರ್ಕೊಂಡು ಬಾ."

ಕಡ್ಡಿಯನ್ನು ಅಳತೆಗೆ ಕತ್ತರಿಸಿ, ನನ್ನ ಹೊಲಿಗೆ ಡಬ್ಬಿಯ ಕೆಂಪು ನೂಲು ಸುತ್ತಿ, ಬಾಲದ ಕೆಳಗೆ ನಿಲ್ಲಿಸಿದರು. ವಿಮಾನ ನೆಟ್ಟಗೆ ನಿಂತಿತು.

ಮರುದಿನ ನಾದಿನಿ ಬಂದಳು. ಮೇಜಿನ ಮುಂದೆ ಕೂತು ರೆಕ್ಕೆಯನ್ನು ಬೆರಳಿನಿಂದ ಸವರಿದಳು.

"ಎಷ್ಟು ನುಣ್ಣಗಿದೆ ಅಣ್ಣ, ಮಗುವಿನ ಕೆನ್ನೆ ಇದ್ದಂಗೆ. ಅತ್ತಿಗೆ, ಈ ಮುದುಕನಿಗೆ ಆಟದ ಸಾಮಾನು ಕೊಡಿಸಿ ಸುಮ್ನೆ ಕೂರಿಸಿದ್ದೀರಾ? ಈ ಕಡ್ಡಿ ಯಾಕೆ?"

"ತೆಗೆದು ನೋಡು," ಎಂದರು.

ತೆಗೆದಳು. ಟಕ್ ಎಂದಿತು. ಅವಳು ಬೆಚ್ಚಿ ಕೈ ಹಿಂದೆಳೆದಳು. ಕಡ್ಡಿ ಅವಳ ಕೈಯಲ್ಲೇ ಉಳಿಯಿತು.

"ಅವತ್ತು ಬಾವ ಕೋಲು ಇಟ್ಟಿದ್ದ. ನಾನು ತೆಗೆದೆ. ಷಟರಿಗೆ ಊರೆ ಕೊಟ್ಟೆ."

ನಾದಿನಿ ಅಣ್ಣನ ಮುಖವನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ.

"ಯಾಕೆ?"

"ಸೆಖೆ ಆಗ್ತಿತ್ತು."

"ವಿಚಾರಣೆಯವರು ಕೇಳಿದಾಗ?"

"ಅವನು ಮರೆತ ಅಂದೆ."

ಅವಳು ಕರವಸ್ತ್ರ ತೆಗೆದಳು. ಅದರ ತುದಿಯಲ್ಲಿ ಆಗಲೇ ಒಂದು ಗಂಟಿತ್ತು. ಅಣ್ಣನ ಔಷಧಿಯ ವಿಷಯ ಕೇಳಲೆಂದು ಹಾಕಿದ್ದಿರಬೇಕು. ಅದನ್ನು ಬಿಚ್ಚಿ, ಕಡ್ಡಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. "ಬರ್ತೀನಿ ಅತ್ತಿಗೆ," ಎಂದು ನನಗೆ ಮಾತ್ರ ಹೇಳಿ ಹೋದಳು.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಯಜಮಾನರು ಬಾಗಿಲ ಕಡೆ ಮುಖ ಮಾಡಿ ಮಲಗುತ್ತಿದ್ದರು. ಒಂದು ಸಲ, "ಗುಂಡಿ ಸಡಿಲ ಆಗಿದೆ ನೋಡು," ಎಂದರು. ನಾನು ಸೂಜಿ ತಂದಾಗ ಬೇಡ ಎಂದರು. ಅವಳು ಬಂದು ಹೋದ ಹತ್ತೊಂಬತ್ತನೆಯ ದಿನ ತೀರಿಕೊಂಡರು. ಅವಳು ಬಂದಳು, ಹೊಸ್ತಿಲಾಚೆ ನಿಂತಳು, ಹೆಣ ಎತ್ತುವವರೆಗೂ ಒಳಗೆ ಬರಲಿಲ್ಲ.

ಎರಡು ತಿಂಗಳ ಮೇಲೆ ನಾನೇ ಅವಳ ಮನೆಗೆ ಹೋದೆ. ಹೊಲಿಗೆ ಯಂತ್ರದ ಎದುರಿನ ಗೋಡೆಯಲ್ಲಿ ಗಂಡನ ಫೋಟೋ ತೂಗುಹಾಕಿದ್ದಳು. ಚೌಕಟ್ಟಿನ ಕೆಳತುದಿಗೆ ಕೆಂಪು ನೂಲಿನ ಆ ಕಡ್ಡಿಯನ್ನು ಸಿಕ್ಕಿಸಿದ್ದಳು. ನಾನು ಅದನ್ನು ನೋಡುತ್ತಿರುವುದನ್ನು ಅವಳು ಕಂಡಳು.

"ಅದನ್ನ ಕೇಳ್ಬೇಡಿ ಅತ್ತಿಗೆ. ಕೊಡಲ್ಲ."

"ಕೇಳಕ್ಕೆ ಬಂದಿಲ್ಲಮ್ಮ," ಎಂದೆ.

ಮನೆಗೆ ಬಂದು ಗಾಜಿನ ಬಾಗಿಲು ತೆಗೆದು ವಿಮಾನದ ಧೂಳು ಒರೆಸಿದೆ. ನಿಲ್ಲಿಸಬೇಕೆಂದರೆ ಪೊರಕೆಯಲ್ಲಿ ಕಡ್ಡಿಗಳಿಗೇನೂ ಬರವಿಲ್ಲ. ಸೀಸದ ಗುಂಡುಗಳ ಡಬ್ಬಿಯೂ ಪಕ್ಕದಲ್ಲೇ ಇದೆ. ಒರೆಸಿ, ಬಾಲದ ಮೇಲೆಯೇ ಕೂರಿಸಿ, ಬಾಗಿಲು ಹಾಕಿದೆ.