ಆಣೆ ಮಾಡಿಸಿದ ವಾರ

ಭ್ರಷ್ಟಾಚಾರವನ್ನು ಬುಡಸಮೇತ ಕೀಳಲು ನಮ್ಮ ಕೇಂದ್ರ ಸರ್ಕಾರ ವರ್ಷಕ್ಕೊಂದು ವಾರವನ್ನು ಮೀಸಲಿಟ್ಟಿದೆ. ಉಳಿದ ವಾರಗಳ ಬಗ್ಗೆ ದಿಲ್ಲಿ ಏನೂ ಹೇಳಿಲ್ಲ, ನಾವೂ ಕೇಳಿಲ್ಲ. ಆ ಜಾಗೃತಿ ಸಪ್ತಾಹದಲ್ಲಿ ದಾವಣಗೆರೆಯಲ್ಲಿರುವ ಕೇಂದ್ರ ಸರ್ಕಾರದ ಭವಿಷ್ಯನಿಧಿ ಕಚೇರಿಯಲ್ಲಿ ಪ್ರತಿಜ್ಞೆ ಬೋಧಿಸುವ ಭಾಗ್ಯ ನನಗೆ ಬಂತು. ಅಲ್ಲಿನ ಸಾಹೇಬರು ಉತ್ತರದವರು, ಕನ್ನಡ ಬಾರದು. ನಾನು ನಿವೃತ್ತ ಕನ್ನಡ ಮೇಷ್ಟ್ರು, ದೇವರಾಜ ಅರಸು ಬಡಾವಣೆಯಲ್ಲಿ ಬಿಟ್ಟಿ ಸಿಗುವವನು.

ನಾನು ಒಪ್ಪಿದ್ದು ದೇಶಸೇವೆಗಲ್ಲ. ಕೊಂಡಜ್ಜಿಯಲ್ಲಿರುವ ನನ್ನ ತಂಗಿಯ ಗಂಡ ಇಲ್ಲೇ ದಾವಣಗೆರೆ ಪಕ್ಕದ ಕರೂರಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾಗಲೇ ತೀರಿಕೊಂಡಿದ್ದ. ಅವಳಿಗೆ ಬರಬೇಕಾದ ಪಿಂಚಣಿಯ ಫೈಲು ಇದೇ ಕಚೇರಿಯ ಗುಮಾಸ್ತರೊಬ್ಬರ ಮೇಜಿನ ಮೇಲೆ ಬೇರು ಬಿಟ್ಟಿತ್ತು. ಪ್ರತಿಜ್ಞೆ ಓದಿದರೆ ಪರಿಚಯವಾದೀತು, ಫೈಲು ಅಲುಗಾಡೀತು ಎಂದುಕೊಂಡು ಅವಳನ್ನೂ ಊರಿನಿಂದ ಬಸ್ಸಿನಲ್ಲಿ ಕರೆಸಿಕೊಂಡೆ.

ಮೇಲಿನಿಂದ ಬಂದ ಪ್ರತಿಜ್ಞೆಯ ಕನ್ನಡ ಓದಿದರೆ ಹಲ್ಲು ಸಡಿಲವಾಗಬೇಕು, ಹಾಗಿತ್ತು. ಸಿಬ್ಬಂದಿಯೆಲ್ಲ ಕೈ ಚಾಚಿ ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಿದ್ದರು. ಹಿಂದೆ ನಿಂತ ತಂಗಿ ಮತ್ತಿತರ ಜನ ಪಿಳಿಪಿಳಿ ನೋಡುತ್ತಿದ್ದರು. ಮೇಷ್ಟ್ರ ಚಟ ಸುಮ್ಮನಿರಬೇಕಲ್ಲ! ಪ್ರತಿಜ್ಞೆ ಎಂಬ ಪದವನ್ನೇ ಬಿಟ್ಟು, “ಲಂಚ ಕೊಡಲ್ಲ, ತಗೊಳ್ಳಲ್ಲ ಅಂತ ಆಣೆ ಮಾಡ್ತೀನಿ” ಎಂದೆ.

ಸಾಹೇಬರು ಸಂತೋಷದಿಂದ ತಲೆದೂಗಿದರು. ತಂಗಿಯ ಫೈಲಿನ ಗುಮಾಸ್ತರ ಬಾಯಿ ಮಾತ್ರ ಗಪ್ಪನೆ ನಿಂತಿತು. ಚಾಚಿದ ಕೈ ಕನ್ನಡಕ ಒರೆಸಲು ಹೋಯಿತು. ಪ್ರತಿಜ್ಞೆ ಅವರು ವರ್ಷ ವರ್ಷವೂ ಮಾಡುತ್ತಿದ್ದದ್ದೇ. ಆಣೆ ಎಂದರೆ ಮನೆಯಲ್ಲಿ ಮಕ್ಕಳಿದ್ದಾರೆ. ನನ್ನ ತಂಗಿ ಕಣ್ಣು ಮುಚ್ಚಿ ಗಟ್ಟಿಯಾಗಿ ಹೇಳಿದಳು.

ಚಹಾ ಬಿಸ್ಕತ್ತು ಮುಗಿದ ಮೇಲೆ ಅವಳನ್ನು ಗುಮಾಸ್ತರ ಮುಂದೆ ನಿಲ್ಲಿಸಿದೆ.

“ಈ ವಾರ ಬ್ಯಾಡ್ರಿ ಮೇಷ್ಟ್ರೆ. ಈ ವಾರ ಜಾಗೃತಿ ಐತೆ. ಮುಂದಿನ ವಾರ ಬರ್ರಿ, ನೋಡಾಣ.”

ಲಂಚ ತೆಗೆದುಕೊಳ್ಳದ ವಾರದಲ್ಲಿ ಕೆಲಸವನ್ನಾದರೂ ಹೇಗೆ ಮಾಡುವುದು? ಪಾಪ, ಅವರ ಕಷ್ಟ ನನಗೆ ಅರ್ಥವಾಯಿತು.

ಮುಂದಿನ ವಾರ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಜೇಬಿನ ಕವರು ತಂಗಿಯ ಕಣ್ಣಿಗೆ ಬಿತ್ತು.

“ಗುಮಾಸ್ತರಿಗಾ? ಬ್ಯಾಡ.”

“ಅದು ಸರ್ಕಾರದ ಕಾರ್ಯಕ್ರಮ ಕಣವ್ವ, ಎಲ್ರೂ ಸುಮ್ನೆ ಹೇಳ್ತಾರೆ.”

“ಆಣೆ ಮಾಡ್ಸಿದೋನೂ ನೀನಾ, ಮುರಿ ಅನ್ನೋನೂ ನೀನಾ? ನನಗಿರೋಳು ಒಬ್ಬಳೇ ಮಗಳು. ಪಿಂಚಣಿ ಬರದಿದ್ರೂ ಬ್ಯಾಡ.”

ನನಗೆ ವಿಪರೀತ ಸಿಟ್ಟು ಬಂತು. ಅವಳ ಮೇಲೆ, ಗುಮಾಸ್ತರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಸರಳ ಕನ್ನಡದ ಮೇಲೆ. ಕವರು ಜೇಬಿನಲ್ಲೇ ಉಳಿಯಿತು, ಫೈಲು ಮೇಜಿನ ಮೇಲೇ ಉಳಿಯಿತು. ದಿಲ್ಲಿಯ ಅಷ್ಟು ದೊಡ್ಡ ಪ್ರಯತ್ನ ನಾನು ಕಂಡಂತೆ ಒಬ್ಬಳ ಮೇಲೆ ಪೂರ್ತಿ ಫಲಿಸಿತು, ಅವಳೋ ಹುಟ್ಟಿದಾಗಿನಿಂದ ಯಾರಿಂದಲೂ ಲಂಚ ತೆಗೆದುಕೊಂಡವಳಲ್ಲ. ಈಗಲೂ ಕೊಂಡಜ್ಜಿಯಿಂದ ಬಂದು ಆ ಮೇಜಿನೆದುರು ಸುಮ್ಮನೆ ಕೂರುತ್ತಾಳೆ. ಗುಮಾಸ್ತರು ಕನ್ನಡಕ ಒರೆಸುತ್ತಾರೆ.

ಮೊನ್ನೆ ಅವರೇ ಫೋನು ಮಾಡಿದ್ದರು. ಪಿಂಚಣಿ ಮಂಜೂರಾಯಿತೇನೋ ಎಂದುಕೊಂಡೆ.

“ಮತ್ತೆ ಸಪ್ತಾಹ ಬಂತಲ್ರಿ ಮೇಷ್ಟ್ರೆ. ನೀವೇ ಬರ್ರಿ. ಆದ್ರ ಈ ಸಲ ಪ್ರತಿಜ್ಞೇನೇ ಓದ್ರಿ. ಆಣೆ ಬ್ಯಾಡ.”